ಕೃಷ್ಣೆಯ ದಂಡೆಯಿಂದ ಜತ್ತದ ಬಯಲಿಗೆ: ನಮ್ಮ ಸೀಮೆಯ ಒಕ್ಕಲುತನದ ಪರಂಪರೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಶಾಲಾ ಆವರಣದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವುದು ಸುಲಭವಲ್ಲ. ಇಲ್ಲಿ ನಾವು ಉಪನ್ಯಾಸಕರಾಗಿ ನಿಂತಿದ್ದರೂ ಎದುರಿನ ಗೋಡೆಯ ಕರಿಹಲಗೆಯನ್ನು ಕಂಡೊಡನೆ ಮತ್ತೆ ಪಾಟಿ ಹಿಡಿದ ಹುಡುಗರಾಗಿಬಿಡುತ್ತೇವೆ. ಶಾಲೆಯ ಚರಿತ್ರೆಯನ್ನು ಈ ಸಂಪುಟದಲ್ಲಿ ಬೇರೆ ಹಿರಿಯರು ಬರೆಯುತ್ತಿದ್ದಾರೆ. ನಾವು ಹೇಳಬಯಸಿದ್ದು ಶಾಲೆಯ ಕಾಂಪೌಂಡಿನ ಆಚೆಗಿರುವ ಹೊಲಗಳ ಚರಿತ್ರೆಯನ್ನು. ಈ ಶಾಲೆಗೆ ಮಕ್ಕಳು ಬಂದದ್ದು ಆ ಹೊಲಗಳಿಂದ; ಕೋಣೆ ಕಟ್ಟುವಾಗ ಮೊದಲ ವಂತಿಗೆ ಬಂದದ್ದು ರಾಶಿಯ ಕಣದಿಂದ. ಸುಗ್ಗಿಯಲ್ಲಿ ಹಾಜರಿ ಪುಸ್ತಕದ ಅರ್ಧ ಪುಟ ಖಾಲಿ ಉಳಿಯುತ್ತಿದ್ದುದೂ ಆ ಹೊಲಗಳ ದೆಸೆಯಿಂದಲೇ. ಆದ್ದರಿಂದ ಹೊಲದ ಮಾತು ಶಾಲೆಯ ಮಾತಿಗೆ ಹೊರಗಿನದಲ್ಲ.

ಮೊದಲು ನೆಲದ ಸ್ವರೂಪವನ್ನು ನೋಡೋಣ. ಸಾಂಗ್ಲಿ ಜಿಲ್ಲೆ ಒಂದೇ ಆದರೂ ಅದರೊಳಗೆ ಮೂರು ನಾಡುಗಳಿವೆ. ಪಶ್ಚಿಮಕ್ಕೆ ಶಿರಾಳಾ, ಸಹ್ಯಾದ್ರಿಯ ಮಗ್ಗುಲು, ಧಾರಾಳ ಮಳೆ, ಭತ್ತದ ಗದ್ದೆ. ನಡುವೆ ಕೃಷ್ಣಾ, ವಾರಣಾ ನದಿಗಳ ದಂಡೆ; ವಾಳವಾ, ಪಲೂಸ, ಮಿರಜ ತಾಲೂಕುಗಳ ಕಪ್ಪು ಮಣ್ಣು, ಕಬ್ಬು, ಅರಿಸಿನ, ಹೊಳೆದಂಡೆಯ ಹೆಸರಾಂತ ಬದನೆಕಾಯಿ. ಹರಿಪುರದ ಸಂಗಮೇಶ್ವರನ ಎದುರು ವಾರಣೆ ಕೃಷ್ಣೆಯನ್ನು ಕೂಡುತ್ತದೆ. ಪೂರ್ವಕ್ಕೆ ಬಂದಂತೆ ಸಹ್ಯಾದ್ರಿಯ ಮಳೆನೆರಳು ಆವರಿಸುತ್ತದೆ. ಅಗ್ರಣಿ, ಮಾಣ, ಬೋರ ಎಂಬ ನದಿಗಳು ವರ್ಷದ ಬಹುಕಾಲ ಮರಳಾಗಿಯೇ ಇರುತ್ತವೆ. ಕವಠೆ ಮಹಾಂಕಾಳ, ಆಟಪಾಡಿ, ಜತ್ತ ತಾಲೂಕುಗಳ ಈ ಬಯಲಿನಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆಯನ್ನೇ ನಂಬಿ ನಮ್ಮ ಹಿರಿಯರು ಬಾಳಿದರು. ಒಂದೇ ಜಿಲ್ಲೆಯಲ್ಲಿ ಒಬ್ಬ ರೈತ ಹೊಳೆ ಏರಿತೆಂದು ಮನೆ ಬಿಟ್ಟು ಓಡುವ ವರ್ಷದಲ್ಲಿಯೇ ಇನ್ನೊಬ್ಬ ರೈತ ಮುಗಿಲು ನೋಡುತ್ತ ಕುಳಿತಿರುತ್ತಾನೆ.

ಈ ನೆಲದ ಭಾಷಾಚರಿತ್ರೆಯೂ ಹೊಲದ ಬದುವಿನಂತೆ ಹೆಣೆದುಕೊಂಡಿದೆ. ಹಳೆಯ ಶಾಸನಗಳಲ್ಲಿ ಮಿರಜದ ಹೆಸರು ಮಿರಿಂಜೆ. ಅದು ಮೂರು ಸಾವಿರದ ನಾಡೆಂದು ಪ್ರಸಿದ್ಧವಾಗಿತ್ತು. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ 1024ರ ತಾಮ್ರಪಟ ಮಿರಜದಲ್ಲಿ ದೊರೆತಿದೆ. ಮುಂದೆ ಕೊಲ್ಲಾಪುರದ ಶಿಲಾಹಾರರ ಕಾಲದಲ್ಲಿ ಈ ಸೀಮೆಯ ಶಾಸನಗಳನ್ನು ಕನ್ನಡದಲ್ಲಿ ಕೊರೆಯಿಸಿದರು. 12ನೆಯ ಶತಮಾನದ ಮಿರಜದ ಶಾಸನದಲ್ಲಿ ವೀರಬಣಂಜು ವರ್ತಕ ಸಂಘದ ಉಲ್ಲೇಖವಿದೆ. ವರ್ತಕರು ನೆರೆಯುವ ಊರೆಂದರೆ ಸುತ್ತಣ ಹಳ್ಳಿಗಳಲ್ಲಿ ಮಾರುವಷ್ಟು ಬೆಳೆ ಇತ್ತೆಂದೇ ಅರ್ಥ. ಅದೇ ಶತಮಾನದ ಶರಣೆ ದಾನಮ್ಮನ ತವರು ಉಮರಾಣಿ. ಆಕೆಯ ಕ್ಷೇತ್ರ ಗುಡ್ಡಾಪುರ. ಇಂದಿಗೂ ಕಾರ್ತಿಕದಲ್ಲಿ ಎರಡೂ ರಾಜ್ಯಗಳ ಭಕ್ತರು ನಡೆದು ಬರುವ ಆ ಹಾದಿಗೆ ಗಡಿಯ ಕಲ್ಲುಗಳ ಲೆಕ್ಕವಿಲ್ಲ.

ಪೇಶವೆಯರ ಕಾಲದಲ್ಲಿ ಮಿರಜ ಪಟವರ್ಧನರ ಕೈಸೇರಿತು. 19ನೆಯ ಶತಮಾನದ ಆರಂಭದಲ್ಲಿ ಚಿಂತಾಮಣರಾವ ಪಟವರ್ಧನರು ಮಿರಜದಿಂದ ಬೇರೆಯಾಗಿ ಸಾಂಗ್ಲಿಯನ್ನು ರಾಜಧಾನಿ ಮಾಡಿಕೊಂಡರು. ಸಾಂಗ್ಲಿ ಸಂಸ್ಥಾನದ ನಕಾಶೆ ಒಂದೇ ಕಡೆ ಕೂಡಿಕೊಂಡಿರಲಿಲ್ಲ. ಬೆಳಗಾವಿಯ ಮಗ್ಗುಲಿನ ಶಹಾಪುರ, ತೇರದಾಳ, ಗದಗ ಸೀಮೆಯ ಶಿರಹಟ್ಟಿಗಳೂ ಅದರ ತಾಲೂಕುಗಳೇ. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಹೀಗೆ ಕನ್ನಡ ರೈತನ ಕಂದಾಯ ಸಾಂಗ್ಲಿಗೆ ಹೋಗುತ್ತಿತ್ತು, ಸಾಂಗ್ಲಿಯ ಅಧಿಕಾರಿ ಕನ್ನಡ ಕಲಿಯಬೇಕಾಗುತ್ತಿತ್ತು. ಜತ್ತ ಡಫಳೆ ಮನೆತನದ ಬೇರೆಯೇ ಸಂಸ್ಥಾನ. 1948ರಲ್ಲಿ ಈ ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1949ರಲ್ಲಿ ದಕ್ಷಿಣ ಸಾತಾರಾ ಎಂಬ ಜಿಲ್ಲೆಯಾಯಿತು. 1960ರಲ್ಲಿ ಅದಕ್ಕೆ ಸಾಂಗ್ಲಿ ಎಂಬ ಹೆಸರು ಬಂದಿತು. ಸಂಸ್ಥಾನದ ಕಾಲದಲ್ಲಿ ಗುಡಿಯ ಪೌಳಿಯಲ್ಲಿ ಆರಂಭವಾದ ನಮ್ಮ ಶಾಲೆ ಈ ಎಲ್ಲ ಬದಲಾವಣೆಗಳನ್ನೂ ಕಂಡಿದೆ. ಬಾಗಿಲ ಮೇಲಿನ ಫಲಕ ಬದಲಾಯಿತು, ಒಳಗಿನ ಪಾಠದ ನುಡಿ ಬದಲಾಗಲಿಲ್ಲ.

ಇನ್ನು ನಮ್ಮ ಹಿರಿಯರ ಒಕ್ಕಲುತನ. ಅದನ್ನು ಕೆಲವರು ಮಳೆಯ ಜೂಜೆಂದು ಕರೆಯುತ್ತಾರೆ. ಆ ಮಾತನ್ನು ನಾವು ಒಪ್ಪುವುದಿಲ್ಲ. ಜೂಜಿನಲ್ಲಿ ಲೆಕ್ಕಕ್ಕಿಂತ ಅದೃಷ್ಟ ದೊಡ್ಡದು. ಒಣಬೇಸಾಯದಲ್ಲಿ ಲೆಕ್ಕವೇ ದೊಡ್ಡದು. ಬೇಸಿಗೆಯಲ್ಲಿ ನೇಗಿಲು ಹೊಡೆದು ಹೆಂಟೆಗಳನ್ನು ಬಿಸಿಲಿಗೆ ಒಡ್ಡುವುದು, ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕುವುದು, ಪ್ರತಿ ಮಳೆಯ ನಂತರ ಹದ ನೋಡಿ ಕುಂಟೆಯಿಂದ ಹರಗುವುದು. ಹೀಗೆ ಹರಗಿದಾಗ ಮೇಲಿನ ಎರಡು ಬೆರಳು ಮಣ್ಣು ಪುಡಿಯಾಗಿ ಹೊದಿಕೆಯಂತೆ ಕೂಡುತ್ತದೆ. ಕೆಳಗಿನ ಹಸಿ ಬಿರುಕುಗಳ ಮೂಲಕ ಆರಿಹೋಗುವುದಿಲ್ಲ. ಉತ್ತರೆ, ಹಸ್ತ ಮಳೆಗಳ ಹಸಿಯ ಮೇಲೆ ಕೂರಿಗೆಯಿಂದ ಬಿತ್ತಿದ ಹಿಂಗಾರಿ ಜೋಳ ಮುಂದೆ ಒಂದು ಹನಿ ಬೀಳದಿದ್ದರೂ ಚಳಿಯ ಇಬ್ಬನಿಯಲ್ಲಿ ಕಾಳು ಕಟ್ಟುತ್ತಿತ್ತು. ಜೋಳದ ನಡುವೆ ಕಡಲೆ, ಸಜ್ಜೆಯ ನಡುವೆ ತೊಗರಿಯ ಅಕ್ಕಡಿ ಸಾಲು. ಒಂದು ಹೋದರೆ ಇನ್ನೊಂದು ಉಳಿಯಲೆಂಬ ಯೋಜನೆ. ಹೊಲದ ಅಂಚಿಗೆ ಕುಸುಬೆ. ಅದರ ಮುಳ್ಳು ಅಡ್ಡಾಡುವ ದನಗಳನ್ನು ತಡೆಯುತ್ತಿತ್ತು, ಅದರ ಕಾಳು ಮನೆಗೆ ಎಣ್ಣೆಯಾಗುತ್ತಿತ್ತು. ಬೇಲಿಯನ್ನೂ ಬೆಳೆಯನ್ನೂ ಒಂದೇ ಬೀಜದಲ್ಲಿ ಬಿತ್ತುವ ಬುದ್ಧಿ ಅದು.

ಈ ಬೇಸಾಯಕ್ಕೆ ಹೆಗಲು ಕೊಟ್ಟದ್ದು ಖಿಲಾರಿ ಎತ್ತು. ಬಿಳಿಯ ಮೈ, ಹಿಂದಕ್ಕೆ ಬಾಗಿದ ನೀಳ ಕೊಂಬು, ದೂರದ ದಾರಿಗೂ ಬಿಸಿಲಿಗೂ ಬಗ್ಗದ ಕಾಲು. ಖರಸುಂಡಿಯ ಸಿದ್ಧನಾಥನ ಜಾತ್ರೆ, ಜತ್ತದ ಯಲ್ಲಮ್ಮನ ಜಾತ್ರೆಗಳಲ್ಲಿ ಜೋಡಿ ಎತ್ತು ಕೊಳ್ಳುವುದೆಂದರೆ ಮನೆಗೆ ಸೊಸೆ ತರುವಷ್ಟೇ ವಿಚಾರದ ಕೆಲಸವಾಗಿತ್ತು. ಬೆಳೆಯಾಗದ ಮಡ್ಡಿಯಲ್ಲಿ ಕುರಿ ಸಾಕಿದರು. ನಮ್ಮ ತಾಲೂಕಿನ ಮಾಡಗ್ಯಾಳ ಎಂಬ ಊರಿನ ಹೆಸರೇ ಇಂದು ಒಂದು ಕುರಿತಳಿಯ ಹೆಸರಾಗಿದೆ. ಗಿಣಿಯ ಕೊಕ್ಕಿನಂತೆ ಬಾಗಿದ ಅದರ ಮೂಗನ್ನು ಕಂಡು ದೂರದ ಸಂತೆಯ ವ್ಯಾಪಾರಿಯೂ ಊರನ್ನು ಗುರುತಿಸುತ್ತಾನೆ.

ಹಬ್ಬಗಳ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ನಾವು ಕಾರಹುಣ್ಣಿಮೆಯೆಂದು ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿ ಕರಿ ಹರಿಯುವ ದಿನವನ್ನು ಇಲ್ಲಿಯ ಮರಾಠಿ ಬಂಧುಗಳು ‘ಕರ್ನಾಟಕಿ ಬೇಂದೂರ’ ಎನ್ನುತ್ತಾರೆ. ಮುಂದಿನ ತಿಂಗಳು ಬರುವುದು ‘ಮಹಾರಾಷ್ಟ್ರೀಯ ಬೇಂದೂರ’. ಮನುಷ್ಯರ ಜನಗಣತಿಯಲ್ಲಿ ಭಾಷೆಯ ಕಲಮು ಇರುವಂತೆ ಎತ್ತಿನ ಹಬ್ಬಕ್ಕೂ ಎರಡು ನಾಡಿನ ಹೆಸರು ಬಂದಿದೆ. ಆದರೆ ಎರಡೂ ದಿನ ಹೋಳಿಗೆ ತಿನ್ನುವ ಎತ್ತುಗಳು ಈ ಸೀಮೆಯಲ್ಲಿ ಬಹಳ. ಹೀಗೆ ಕೊಟ್ಟು ಕೊಂಡದ್ದು ಹಬ್ಬ ಒಂದನ್ನೇ ಅಲ್ಲ. 1843ರಲ್ಲಿ ವಿಷ್ಣುದಾಸ ಭಾವೆಯವರು ಸಾಂಗ್ಲಿಯಲ್ಲಿ ಮೊದಲ ಮರಾಠಿ ನಾಟಕವನ್ನು ಆಡಿದರು. ಅದಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡದ ಕರ್ಕಿಯಿಂದ ಬಂದಿದ್ದ ಯಕ್ಷಗಾನ ಮೇಳ. ಮಿರಜದಲ್ಲಿ ನೆಲೆಸಿದ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರು ಗಾಯನ ಕಲಿತರು. ಆ ಗಾಯನಕ್ಕೆ ಶ್ರುತಿ ಹಿಡಿದ ಮಿರಜದ ತಂಬೂರಿಯ ಬುರುಡೆಯೂ ಹೊಲದಲ್ಲಿಯೇ ಬೆಳೆದದ್ದು. ಪಂಢರಪುರದ ಕಡೆಯ ರೈತರು ಬೆಳೆದ ದೊಡ್ಡ ಸೋರೆಕಾಯಿ ಒಣಗಿ ಮಿರಜದ ಕುಶಲಕರ್ಮಿಗಳ ಕೈಯಲ್ಲಿ ನಾದವಾಯಿತು.

ಈಗ ಅರಿಸಿನದ ಮಾತು. ಸಾಂಗ್ಲಿಯ ಪೇಟೆ ದೇಶದ ದೊಡ್ಡ ಅರಿಸಿನದ ಪೇಟೆಗಳಲ್ಲಿ ಒಂದು; 2018ರಲ್ಲಿ ಸಾಂಗ್ಲಿಯ ಅರಿಸಿನಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಒಂಬತ್ತು ತಿಂಗಳು ನೆಲದಲ್ಲಿ ಬೆಳೆದ ಗಡ್ಡೆಯನ್ನು ಅಗೆದು, ಬೇಯಿಸಿ, ಒಣಗಿಸಿ, ಉಜ್ಜಿ ಹೊಳಪು ಕೊಟ್ಟ ಮೇಲೆ ಅದು ಪೇಟೆಗೆ ಬರುತ್ತದೆ. ಆದರೆ ಈ ಊರಿನ ವಿಶೇಷ ಬೆಳೆಯುವುದರಲ್ಲಿ ಮಾತ್ರವಲ್ಲ, ಕಾಯ್ದಿಡುವುದರಲ್ಲಿದೆ. ಹರಿಪುರದ ಗಟ್ಟಿ ಮಣ್ಣಿನಲ್ಲಿ ಆಳವಾದ ಗುಳಿಗಳನ್ನು ತೋಡಿ, ಒಳಗೆ ಹುಲ್ಲು ಹಾಸಿ, ಅರಿಸಿನ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ ಸುಳಿಯದ ಆ ಗುಳಿಯಲ್ಲಿ ಹುಳು ಬದುಕುವುದಿಲ್ಲ. ವರ್ಷಗಟ್ಟಲೆ ಅರಿಸಿನದ ಬಣ್ಣ ಕೆಡುವುದಿಲ್ಲ. ಮರಾಠಿಯಲ್ಲಿ ಅದಕ್ಕೆ ಪೇವ ಎನ್ನುತ್ತಾರೆ. ನಾವು ಚಿಕ್ಕವರಿದ್ದಾಗ ಅದನ್ನು ನೋಡಲು ಹೋಗಿ ಬೆರಗಾಗಲಿಲ್ಲ. ಏಕೆಂದರೆ ನಮ್ಮ ಅಜ್ಜನ ಮನೆಯ ಮುಂದೆಯೂ ಅಂಥದೇ ಒಂದು ಜೋಳದ ಹಗೇವು ಇತ್ತು. ಹೆಸರು ಬೇರೆ, ಬುದ್ಧಿ ಒಂದೇ.

ಹಗೇವು ತೆರೆಯುವುದಕ್ಕೆ ಒಂದು ಕ್ರಮವಿತ್ತು. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಒಳಗೆ ಕಟ್ಟಿದ ಕೆಟ್ಟ ಹವೆ ಪ್ರಾಣ ತೆಗೆಯುವಂಥದು. ಅರ್ಧ ದಿನ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಕಾಯಬೇಕು. ನಮ್ಮ ಅಜ್ಜ ಅಕ್ಷರ ಬಲ್ಲವರಲ್ಲ. ಆದರೆ ಉಸಿರಿಗೂ ಉರಿಗೂ ಒಂದೇ ಗಾಳಿ ಬೇಕೆಂಬ ಪಾಠವನ್ನು ನಾವು ವಿಜ್ಞಾನದ ಪುಸ್ತಕಕ್ಕಿಂತ ಮೊದಲು ಅವರ ಹಗೇವಿನ ದಂಡೆಯಲ್ಲಿಯೇ ಕಲಿತೆವು. 2005ರ ಮಹಾಪೂರದಲ್ಲಿ ಹರಿಪುರದ ಎಷ್ಟೋ ಪೇವಗಳಿಗೆ ನೀರು ಹೊಕ್ಕು ಅರಿಸಿನ ಹಾಳಾಯಿತು. 2019ರಲ್ಲಿ, 2021ರಲ್ಲಿ ಮತ್ತೆ ಪೂರ ಬಂದಿತು. ಈಗ ಅರಿಸಿನ ಗೋದಾಮುಗಳಲ್ಲಿ, ಶೀತಗೃಹಗಳಲ್ಲಿದೆ. ಅದು ಕಾಲಕ್ಕೆ ತಕ್ಕದ್ದೇ. ಆದರೆ ಪೇವ ತೋಡಬಲ್ಲ, ಮಣ್ಣನ್ನು ಮುಟ್ಟಿ ಇದು ಆದೀತು, ಇದು ಆಗದು ಎಂದು ಹೇಳಬಲ್ಲ ಕೈಗಳು ಕಡಿಮೆಯಾಗುತ್ತ ಬಂದಿವೆ.

ಹಳೆಯದನ್ನೇ ಹೊಗಳಿ ಹೊಸದನ್ನು ತೆಗಳುವುದು ನಮ್ಮ ಉದ್ದೇಶವಲ್ಲ. ಈ ಸೀಮೆಯ ರೈತ ಹೊಸದಕ್ಕೆ ಬೆನ್ನು ತಿರುಗಿಸಿದವನಲ್ಲ, ಪರೀಕ್ಷಿಸಿ ತೆಗೆದುಕೊಂಡವನು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಔಂಧ ಸಂಸ್ಥಾನದ ಕುಂಡಲದ ಬಳಿಯ ಬರಡು ಮಾಳದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರು ಮಾಡಿದ ಕಬ್ಬಿಣದ ನೇಗಿಲನ್ನು ರೈತರು ಮೊದಲು ಮುಟ್ಟಲಿಲ್ಲ. ಕಬ್ಬಿಣ ತಗುಲಿದರೆ ನೆಲಕ್ಕೆ ವಿಷವೇರುತ್ತದೆಂಬ ಭಯ. ಆಳದ ಕರಿಕೆ ಬೇರುಸಹಿತ ಮಗುಚಿ ಬಿದ್ದುದನ್ನು ಕಣ್ಣಾರೆ ಕಂಡ ಮೇಲೆ ಅದೇ ರೈತರು ಸಾಲುಗಟ್ಟಿ ಕೊಂಡರು. ತಾಸಗಾಂವದ ರೈತರಂತೂ ಇನ್ನೂ ಮುಂದೆ ಹೋದರು. ಥಾಮ್ಸನ್ ಎಂಬ ಬೀಜವಿಲ್ಲದ ದ್ರಾಕ್ಷಿಯಿಂದ ಆರ್ವೆ ಎಂಬ ರೈತರು ಆಯ್ದು ಬೆಳೆಸಿದ ತಳಿಗೆ ‘ತಾಸ್-ಎ-ಗಣೇಶ’ ಎಂದು ಹೆಸರು. ತಾಸಗಾಂವದ ‘ತಾಸ್’, ಆರ್ವೆಯವರ ‘ಎ’. ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲದೆ ರೈತನ ತೋಟದಲ್ಲಿ ಹುಟ್ಟಿದ ತಳಿಯದು. ವರ್ಷಕ್ಕೆ ಎರಡು ಸಲ ಚಾಟನಿ, ಏಪ್ರಿಲ್‌ನಲ್ಲಿ ಕಡ್ಡಿಗೆ, ಅಕ್ಟೋಬರ್‌ನಲ್ಲಿ ಹಣ್ಣಿಗೆ. ನಮಗೆ ಶಾಪವೆನಿಸಿದ ಒಣಹವೆಯೇ ಒಣದ್ರಾಕ್ಷಿಗೆ ವರವಾಯಿತು. ನೆರಳಿನ ಶೆಡ್ಡಿನ ಜಾಳಿಗೆಯ ಮೇಲೆ ಸುಮಾರು ಎರಡು ವಾರದಲ್ಲಿ ದ್ರಾಕ್ಷಿ ಮಣೂಕವಾಗುತ್ತದೆ. 2016ರಲ್ಲಿ ಸಾಂಗ್ಲಿಯ ಒಣದ್ರಾಕ್ಷಿಗೂ ಭೌಗೋಳಿಕ ಸೂಚಿಕೆ ಬಂದಿತು. ವಿಜಯಪುರ ಜಿಲ್ಲೆಯ ಬೆಳೆಗಾರರೂ ತಮ್ಮ ಮಾಲನ್ನು ತಾಸಗಾಂವದ ಪೇಟೆಗೆ ತರುತ್ತಾರೆ. ಹೊಳೆದಂಡೆಯಲ್ಲಿ ವಸಂತದಾದಾ ಪಾಟೀಲರಂಥವರು ಕಟ್ಟಿದ ಸಹಕಾರಿ ಸಕ್ಕರೆ ಕಾರಖಾನೆಗಳು ಸಾಮಾನ್ಯ ರೈತನನ್ನು ಭಾಗಸ್ಥನನ್ನಾಗಿ ಮಾಡಿದವು.

ಬರದ ಚರಿತ್ರೆಯನ್ನು ಬಿಟ್ಟು ನಮ್ಮ ಚರಿತ್ರೆ ಪೂರ್ಣವಾಗದು. 1972ರ ಬರದಲ್ಲಿ ನಾವು ಈ ಶಾಲೆಯ ವಿದ್ಯಾರ್ಥಿಗಳು. ಶಾಲೆ ಬಿಟ್ಟ ಮೇಲೆ ತಾಯಿಯ ಜೊತೆ ಕೂತು ರಸ್ತೆಗೆ ಕಡಿ ಒಡೆದ ನೆನಪು ಅಂಗೈಯಲ್ಲಿ ಇನ್ನೂ ಇದೆ. ಹಂಚಿದ ಸುಕಡಿಯ ರುಚಿ, ಅಮೇರಿಕೆಯಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಟ್ಟುವಾಗಲೇ ಬಿರಿಯುತ್ತಿದ್ದುದು, ಅಜ್ಜನ ಹಗೇವು ಮೊದಲ ಸಲ ತಳದವರೆಗೆ ಬರಿದಾದದ್ದು, ಇವನ್ನು ಮರೆಯಲಾರೆವು. ಆಗ ಜನರನ್ನು ಬದುಕಿಸಿದ ಉದ್ಯೋಗ ಖಾತರಿಯ ವಿಚಾರ ಹುಟ್ಟಿದ್ದೂ ನಮ್ಮ ಜಿಲ್ಲೆಯಲ್ಲಿಯೇ. ವಿ. ಸ. ಪಾಗೆಯವರು 1965ರಲ್ಲಿ ತಾಸಗಾಂವ ತಾಲೂಕಿನ ವಿಸಾಪುರದ ಭಾಗದಲ್ಲಿ ಅದನ್ನು ಪ್ರಯೋಗಿಸಿ ನೋಡಿದ್ದರು. 1977ರಲ್ಲಿ ಮಹಾರಾಷ್ಟ್ರದಲ್ಲಿ ಅದು ಕಾನೂನಾಯಿತು. 2005ರಲ್ಲಿ ಇಡೀ ದೇಶ ಆ ದಾರಿಯನ್ನು ಹಿಡಿಯಿತು. ಕೈಗೆ ಕೆಲಸ ಕೇಳುವುದು ಭಿಕ್ಷೆಯಲ್ಲ, ಹಕ್ಕು ಎಂಬ ವಿಚಾರವನ್ನು ಬರದ ನೆಲವೇ ದೇಶಕ್ಕೆ ಕೊಟ್ಟಿತು.

2016ರ ಬೇಸಿಗೆಯಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕೃಷ್ಣೆಯ ನೀರು ಹೋಯಿತು. ಬಾಯಾರಿದವರಿಗೆ ನೀರು ಕೊಟ್ಟದ್ದು ಪುಣ್ಯದ ಕೆಲಸ. ಆದರೆ ಅದೇ ಜಿಲ್ಲೆಯ ಪೂರ್ವಭಾಗದಲ್ಲಿ ಟ್ಯಾಂಕರಿನ ದಾರಿ ಕಾಯುತ್ತಿದ್ದ ನಮಗೆ ಆ ಸುದ್ದಿ ಓದುವಾಗ ಹೆಮ್ಮೆಯೂ ಸಂಕಟವೂ ಒಟ್ಟಿಗೆ ಆದವು. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಹಂತ ಹಂತವಾಗಿ ಎತ್ತಿ ಪೂರ್ವದ ತಾಲೂಕುಗಳಿಗೆ ಹರಿಸುವ ಏತ ನೀರಾವರಿಯ ಕಾಲುವೆ ನಮ್ಮ ತಂದೆಯವರ ಕಾಲದ ಕನಸು. ಈಗ ಅದರ ನೀರು ಜತ್ತ ತಾಲೂಕಿನ ಕೆಲವು ಭಾಗಗಳನ್ನು ಮುಟ್ಟಿದೆ. ಉಳಿದ ಊರುಗಳು ಕಾಯುತ್ತಿವೆ. ನೀರು ಬರಬೇಕು, ಬೇಗ ಬರಬೇಕು. ಇದರಲ್ಲಿ ಎರಡು ಮಾತಿಲ್ಲ.

ಆದರೆ ನೀರು ಬಂದ ಮೇಲೆ ಏನು? ಈ ಪ್ರಶ್ನೆಯನ್ನು ಕೇಳಲಿಕ್ಕಾಗಿಯೇ ನಾವು ಇಂದು ಇಷ್ಟು ದೂರದಿಂದ ಮಾತು ತಂದಿದ್ದೇವೆ. ಹೊಳೆದಂಡೆಯ ಸಿರಿವಂತ ಊರುಗಳಲ್ಲಿ ಹೋಗಿ ನೋಡಿದವರಿಗೆ ಬಿಳಿಯ ಹೊಲಗಳು ಕಾಣುತ್ತವೆ. ಆಳವಾದ ಕಪ್ಪು ಮಣ್ಣಿಗೆ ಬಸಿಯುವ ಗುಣ ಕಡಿಮೆ. ಅಂಥ ನೆಲಕ್ಕೆ ಕಬ್ಬಿನ ಮೇಲೆ ಕಬ್ಬು ಹಚ್ಚಿ, ಹಗಲಿರುಳು ನೀರು ಬಿಟ್ಟು, ಗೊಬ್ಬರದ ಚೀಲ ಸುರಿದಾಗ ಅಂತರ್ಜಲ ಮೇಲಕ್ಕೇರುತ್ತದೆ. ನೀರಿನೊಡನೆ ನೆಲದಾಳದ ಉಪ್ಪು ಮೇಲೆ ಬರುತ್ತದೆ. ನೀರು ಬಿಸಿಲಿಗೆ ಆರುತ್ತದೆ, ಉಪ್ಪು ಉಳಿಯುತ್ತದೆ. ಸವಳು-ಜವಳಾದ ಆ ಭೂಮಿಯಲ್ಲಿ ಬೀಜ ಮೊಳೆಯುವುದಿಲ್ಲ. ಅದನ್ನು ಮತ್ತೆ ಹದಕ್ಕೆ ತರಲು ನೆಲದೊಳಗೆ ಬಸಿಗಾಲುವೆಯ ಕೊಳವೆ ಹೂಳಬೇಕು, ಜಿಪ್ಸಂ ಹಾಕಬೇಕು, ಹಸಿರೆಲೆ ಗೊಬ್ಬರ ಬೆಳೆದು ಉಳಬೇಕು, ಹಲವು ವರ್ಷ ಕಾಯಬೇಕು. ನೀರಿಲ್ಲದೆ ಒಣಗಿದ ಹೊಲ ಒಂದು ಮಳೆಗೆ ಚೇತರಿಸಿಕೊಳ್ಳುತ್ತದೆ. ನೀರು ಹೆಚ್ಚಾಗಿ ಕೆಟ್ಟ ಹೊಲಕ್ಕೆ ಒಂದು ತಲೆಮಾರು ಹಿಡಿಯಬಹುದು.

ನೂರು ವರ್ಷ ನೀರಿಗಾಗಿ ಕಾದವರು ನೀರು ಬಂದ ದಿನ ಹರಗುವ ಕುಂಟೆಯನ್ನು ಅಟ್ಟಕ್ಕೆ ಎಸೆದರೆ ನಮ್ಮ ಮೊಮ್ಮಕ್ಕಳು ಈ ಬಯಲಿನಲ್ಲಿಯೂ ಬಿಳಿಯ ಹೊಲಗಳನ್ನು ಕಾಣಬೇಕಾದೀತು. ಹನಿಯಿಂದ ಹೊಲವನ್ನು ಉಳಿಸುವ ವಿದ್ಯೆ ಬರದ ಕಾಲಕ್ಕೆ ಮಾತ್ರ ಬೇಕಾದದ್ದಲ್ಲ, ನೀರಿನ ಕಾಲಕ್ಕೆ ಅದು ಇನ್ನೂ ಹೆಚ್ಚು ಬೇಕು. ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಬಿಟ್ಟು ನೋಡುವಂತೆ, ಕಾಲುವೆಯ ನೀರನ್ನು ಹೊಲಕ್ಕೆ ಬಿಡುವ ಮುನ್ನ ಮಣ್ಣನ್ನು ಕೇಳಬೇಕು. ಯಾವ ಹೊಲ ಎರೆ, ಯಾವುದು ಮಸಾರಿ, ಎಲ್ಲಿ ಬಸಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಊರ ಹಿರಿಯರು ಬಲ್ಲರು.

ಇಲ್ಲಿಯೇ ಶಾಲೆಯ ಪಾತ್ರ ಬರುತ್ತದೆ. ಹಿರಿಯರು ಬಲ್ಲ ಆ ವಿದ್ಯೆ ಕನ್ನಡದಲ್ಲಿದೆ. ಹರಗು, ಹದ, ಹಸಿ, ಎಡೆ, ಅಕ್ಕಡಿ, ಒಡ್ಡು, ಸವಳು, ಜವಳು ಎಂಬ ಒಂದೊಂದು ಮಾತೂ ಒಂದೊಂದು ಕೆಲಸದ ಕ್ರಮ. ಮಾತು ಹೋದರೆ ಕ್ರಮ ಹೋಗುತ್ತದೆ. ಇಂದು ನಮ್ಮ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ನೌಕರಿಗೆ ಮರಾಠಿ ಬೇಕು, ದೂರದ ಊರಿಗೆ ಇಂಗ್ಲಿಷ್ ಬೇಕು ಎಂದು ಪಾಲಕರು ಯೋಚಿಸುವುದು ತಪ್ಪೆಂದು ನಾವು ಹೇಳಲಾರೆವು; ನಮ್ಮ ಮನೆಗಳಲ್ಲಿಯೂ ಆ ಯೋಚನೆ ನಡೆದಿದೆ. ಮರಾಠಿ ನಮಗೆ ಅನ್ನ ಕೊಟ್ಟ ನೆರೆಮನೆಯ ನುಡಿ, ಅದನ್ನು ಚೆನ್ನಾಗಿ ಕಲಿಯಲಿ. ಆದರೆ ಮೊಮ್ಮಗನು ಅಜ್ಜನ ಮಾತನ್ನು ಅರಿಯದೆ ಅಜ್ಜನ ಹೊಲವನ್ನು ಮಾತ್ರ ಪಡೆದರೆ ಅವನಿಗೆ ದಕ್ಕುವುದು ಅರ್ಧ ಆಸ್ತಿ.

ಆದ್ದರಿಂದ ಶತಮಾನೋತ್ಸವದ ನಿಮಿತ್ತ ನಮ್ಮದೊಂದು ಸಣ್ಣ ಸೂಚನೆ. ಏಳನೆಯ ಇಯತ್ತೆಯ ಪ್ರತಿಯೊಬ್ಬ ವಿದ್ಯಾರ್ಥಿ ವರ್ಷಕ್ಕೊಮ್ಮೆ ತನ್ನ ಮನೆಯ ಅಥವಾ ಓಣಿಯ ಒಬ್ಬ ಹಿರಿಯರ ಮುಂದೆ ಕೂತು ಒಂದು ಹೊಲದ ಕಥೆಯನ್ನು ಬರೆದುಕೊಳ್ಳಲಿ: ಹೊಲದ ಹೆಸರು, ಮಣ್ಣಿನ ಬಣ್ಣ, ಬಾವಿಯ ಆಳ, ಯಾವ ಮಳೆಗೆ ಏನು ಬಿತ್ತುತ್ತಿದ್ದರು, ಬರದಲ್ಲಿ ಏನು ಉಳಿಯಿತು. ಮಳೆಮಾಪಕವೊಂದನ್ನು ಈ ಅಂಗಳದಲ್ಲಿ ನಿಲ್ಲಿಸಿ ಮಕ್ಕಳೇ ದಿನದಿನದ ಮಳೆಯನ್ನು ಬರೆದಿಡಲಿ. ಆ ವಹಿಗಳು ಶಾಲೆಯ ಕಪಾಟಿನಲ್ಲಿ ಕೂಡುತ್ತ ಹೋಗಲಿ. ನಮ್ಮ ಹಿರಿಯರು ಒಳ್ಳೆಯ ವರ್ಷದ ಕಾಳನ್ನು ಕೆಟ್ಟ ವರ್ಷಕ್ಕಾಗಿ ಹಗೇವಿನಲ್ಲಿ ಇಡುತ್ತಿದ್ದರು. ಶಾಲೆಯ ಆ ಕಪಾಟು ನಮ್ಮ ಊರಿನ ಇನ್ನೊಂದು ಹಗೇವಾಗಲಿ.

ಮುಂದಿನ ಶತಮಾನೋತ್ಸವದ ದಿನ ನಾವು ಯಾರೂ ಇಲ್ಲಿರುವುದಿಲ್ಲ. ಅಂದು ಯಾರೋ ಒಬ್ಬ ಮಗ ಅಥವಾ ಮಗಳು ಆ ಕಪಾಟನ್ನು ತೆರೆದು, ಕಾಲುವೆ ಬಂದ ವರ್ಷ ನಮ್ಮ ಊರಿನವರು ಹೊಲಕ್ಕೆ ಎಷ್ಟು ನೀರು ಬಿಟ್ಟರು, ಏಕೆ ಅಷ್ಟೇ ಬಿಟ್ಟರು ಎಂಬುದನ್ನು ಕನ್ನಡದಲ್ಲಿ ಓದುವಂತಾಗಲಿ. ಓದಿ ಹೊರಗೆ ಬಂದಾಗ ಕಾಣುವ ಹೊಲ ಕಪ್ಪಾಗಿಯೇ ಇರಲಿ.